ಶಾಕಂಭರಿಯ ಪ್ರಸಾದ: ಉಪವಾಸಧರ್ಮವೂ ಸಸ್ಯಾಹಾರವೂ

ನವರಾತ್ರಿಯ ಒಂಬತ್ತು ದಿನ ಆದಿಶಕ್ತಿಯನ್ನು ನಾನಾ ನಾಮಗಳಿಂದ, ನಾನಾ ರೂಪಗಳಲ್ಲಿ ಆರಾಧಿಸುವ ಆಸ್ತಿಕರು ಆ ತಾಯಿಯ ಒಂದು ಸೌಮ್ಯರೂಪವನ್ನು ಈ ಪುಣ್ಯಕಾಲದಲ್ಲಿ ವಿಶೇಷವಾಗಿ ನೆನೆಯುವುದು ಉಚಿತ. ಮಹಿಷನನ್ನು ಮರ್ದಿಸಿದ, ಶುಂಭನಿಶುಂಭರನ್ನು ಸಂಹರಿಸಿದ ಆ ದೇವಿಯೇ ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ದೇವತೆಗಳಿಗೆ ಒಂದು ಅಭಯವನ್ನು ನೀಡುತ್ತಾಳೆ. ಮುಂದೊಂದು ಕಾಲದಲ್ಲಿ ನೂರು ವರ್ಷ ಮಳೆಯಿಲ್ಲದೆ ಭೂಮಿ ಒಣಗಿದಾಗ, ತನ್ನ ದೇಹದಿಂದಲೇ ಮೊಳೆತ ಪ್ರಾಣಧಾರಕವಾದ ಶಾಕಗಳಿಂದ, ಮಳೆ ಮರಳಿ ಬರುವ ತನಕ ಲೋಕವನ್ನೆಲ್ಲ ಸಲಹುವುದಾಗಿಯೂ, ಆಗ ಶಾಕಂಭರಿಯೆಂಬ ಹೆಸರಿನಿಂದ ಖ್ಯಾತಳಾಗುವುದಾಗಿಯೂ ಆಕೆ ನುಡಿಯುತ್ತಾಳೆ. ಆಯುಧವನ್ನು ಹಿಡಿದ ಕೈಯೇ ಅನ್ನವನ್ನೂ ಬಡಿಸುವ ಕೈ ಎಂಬುದು ಈ ಅಭಯದ ತಾತ್ಪರ್ಯ.

ಬಾದಾಮಿಯ ಸಮೀಪದ ಬನಶಂಕರಿಯನ್ನು ಭಕ್ತರು ಶಾಕಂಭರಿಯೆಂದೇ ಪೂಜಿಸುತ್ತಾರೆ. ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲಿಯೂ ಅನೇಕ ಮನೆತನಗಳಿಗೆ ಅವಳು ಕುಲದೇವತೆ. ಪುಷ್ಯಮಾಸದ ಜಾತ್ರೆಯ ಕಾಲದಲ್ಲಿ ಅಲ್ಲಿ ನಡೆಯುವ ಪಲ್ಯದ ಹಬ್ಬದಂದು 108 ಬಗೆಯ ಕಾಯಿಪಲ್ಯಗಳ ನೈವೇದ್ಯ ದೇವಿಗೆ ಸಲ್ಲುತ್ತದೆ. ತಾಯಿ ತನ್ನ ದೇಹದಿಂದ ಕೊಟ್ಟದ್ದನ್ನೇ ಮಕ್ಕಳು ಕೃತಜ್ಞತೆಯಿಂದ ಮರಳಿ ಒಪ್ಪಿಸುವ ಹಬ್ಬವದು.

ಇಲ್ಲಿಯೇ ಒಂದು ಸೋಜಿಗವಿದೆ. ಶಾಕವು ದೇವಿಯ ಪ್ರಸಾದವೆಂದು ಸಾರುವ ಧರ್ಮವೇ ಚಾತುರ್ಮಾಸ್ಯದ ಮೊದಲ ತಿಂಗಳಲ್ಲಿ ಶಾಕವನ್ನು ಬಿಡಿರೆಂದು ವಿಧಿಸುತ್ತದೆ. ತಾಯಿ ಕೊಟ್ಟದ್ದನ್ನು ಬಿಡುವುದು ಹೇಗೆ ಧರ್ಮವಾದೀತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾತನಿಗೆ ಉಪವಾಸದ ಮರ್ಮವೂ ದೊರೆಯುತ್ತದೆ. ಸಸ್ಯಾಹಾರಕ್ಕೂ ಉಪವಾಸಕ್ಕೂ ಇರುವ ನಂಟು ಎಷ್ಟು, ಅಂತರವೆಷ್ಟು ಎಂಬುದೂ ತಿಳಿಯುತ್ತದೆ.

ಒಂದೇ ಕಟ್ಟಡ, ಹಲವು ವ್ರತಗಳು

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ಖಾಡಿಯಾಚೆ ವಾಶಿ, ನೆರೂಳ, ಬೇಲಾಪುರಗಳವರೆಗೆ ಹರಡಿರುವ ಈ ಜನನಿಬಿಡ ಪ್ರದೇಶದಲ್ಲಿ ಧರ್ಮವನ್ನು ಅರಿಯಲು ದೂರದ ತೀರ್ಥಯಾತ್ರೆ ಬೇಕಾಗಿಲ್ಲ. ಡೊಂಬಿವಲಿಯ ಯಾವುದೇ ಸೊಸೈಟಿಯ ಮೆಟ್ಟಿಲನ್ನು ಆಶ್ವಯುಜ ಶುಕ್ಲಪಕ್ಷದಲ್ಲಿ ಹತ್ತಿದರೆ ಸಾಕು. ಮೊದಲ ಮಹಡಿಯ ಮರಾಠಿ ಮನೆಯಲ್ಲಿ ಘಟಸ್ಥಾಪನೆಯಾಗಿದೆ; ಕೆಲವರು ಒಂಬತ್ತು ದಿನವೂ ಉಪವಾಸವಿದ್ದರೆ, ಅಷ್ಟು ಶಕ್ತಿಯಿಲ್ಲದವರು ಮೊದಲ ದಿನ ಮತ್ತು ಕೊನೆಯ ದಿನ ಮಾತ್ರ ‘ಉಠ್ತಾ-ಬಸ್ತಾ’ ಉಪವಾಸ ಹಿಡಿಯುತ್ತಾರೆ. ಎರಡನೆಯ ಮಹಡಿಯ ಜೈನ ಕುಟುಂಬದಲ್ಲಿ ನವಪದ ಓಳಿ. ಆಶ್ವಯುಜ ಶುಕ್ಲ ಸಪ್ತಮಿಯಿಂದ ಹುಣ್ಣಿಮೆಯವರೆಗೆ ಒಂಬತ್ತು ದಿನ ಆಯಂಬಿಲ ವ್ರತ. ದಿನಕ್ಕೊಮ್ಮೆ ಬೇಯಿಸಿದ ಧಾನ್ಯ ಮಾತ್ರ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಬೆಲ್ಲ ಯಾವುದೂ ಇಲ್ಲ. ಹಸಿರು ತರಕಾರಿಯೂ ಇಲ್ಲ. ಮೂರನೆಯ ಮಹಡಿಯ ಮಾಧ್ವ ಗೃಹಸ್ಥರಲ್ಲಿ ಕ್ಷೀರವ್ರತ. ಗೊಂಬೆಗಳನ್ನು ಕೂಡಿಸಿದ ಮನೆಯಲ್ಲಿ ಹಾಲಿನ ಕಾಫಿಯಿಲ್ಲ.

ಅದೇ ಕಟ್ಟಡದಲ್ಲಿ ತುಳುನಾಡಿನಿಂದ ಬಂದು ಹೋಟೆಲು ನಡೆಸುವ ಕುಟುಂಬವಿರಬಹುದು. ವರ್ಷದ ಉಳಿದ ದಿನಗಳಲ್ಲಿ ಮೀನಿಲ್ಲದೆ ಊಟ ಸೇರದ ಆ ಮನೆಯಲ್ಲಿಯೂ ನವರಾತ್ರಿಯಲ್ಲಿ ಮೀನಿನ ಪಾತ್ರೆ ಅಟ್ಟ ಸೇರಿರುತ್ತದೆ. ಈ ಭಾಗದ ಮೂಲನಿವಾಸಿಗಳಾದ ಆಗ್ರಿ, ಕೋಳಿ ಜನರಲ್ಲಿ ಅನೇಕರು ಶ್ರಾವಣಮಾಸವಿಡೀ ಮಾಂಸಮತ್ಸ್ಯಗಳನ್ನು ಮುಟ್ಟರು. ಮುಂಗಾರಿನಲ್ಲಿ ಮೀನು ಮರಿಯಿಡುವ ಕಾಲಕ್ಕೆ ದೋಣಿಗಳು ದಡದಲ್ಲಿ ಬೀಡುಬಿಟ್ಟಿರುತ್ತವೆ. ನಾರಳಿ ಪೂರ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸಿ, ಅಪ್ಪಣೆ ಪಡೆದು ಬೆಸ್ತರು ನೀರಿಗಿಳಿಯುತ್ತಾರೆ. ತನ್ನ ಅನ್ನವನ್ನು ಕೊಡುವ ಕಡಲಿಗೆ ಉಸಿರಾಡಲು ಅವಕಾಶ ಕೊಡುವ ಈ ಬಿಡುವು ಯಾವ ಶ್ರೋತ್ರಿಯನ ವ್ರತಕ್ಕೂ ಕಡಮೆಯದಲ್ಲ.

ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ವೀರಶೈವ ಲಿಂಗಾಯತ ಮನೆಗಳಲ್ಲಿ ಶ್ರಾವಣ ಸೋಮವಾರದ ಉಪವಾಸ, ಶಿವರಾತ್ರಿಯ ಜಾಗರಣೆ; ಇಷ್ಟಲಿಂಗಕ್ಕೆ ಅರ್ಪಿಸದೆ ಬಾಯಿಗೆ ಏನನ್ನೂ ಹಾಕಬಾರದೆಂಬ ನಿಯಮ. ಭಾಷೆ ಬೇರೆ, ದೇವರ ಹೆಸರು ಬೇರೆ, ಪಂಚಾಂಗದ ಲೆಕ್ಕ ಬೇರೆ. ಆದರೆ ಈ ಎಲ್ಲ ಮನೆಗಳ ಅಡುಗೆಮನೆಯನ್ನು ಇಣುಕಿ ನೋಡಿದವನಿಗೆ ಒಂದು ಸಂಗತಿ ಗೋಚರಿಸದಿರದು: ವ್ರತ ಹಿಡಿದ ದಿನ ಮನುಷ್ಯ ತಾನಾಗಿಯೇ ಪ್ರಾಣಿಗಳಿಂದ ಕೈ ಹಿಂದೆಗೆದು ಗಿಡ, ಬಳ್ಳಿ, ಕಾಳುಗಳ ಕಡೆಗೆ ಹೊರಳುತ್ತಾನೆ. ದೇವರ ಸಮೀಪಕ್ಕೆ ಹೋಗುವಾಗ ಕೈಯಲ್ಲಿ ರಕ್ತದ ಕಲೆ ಇರಬಾರದೆಂಬ ಸಂಕೋಚ ಎಲ್ಲ ಕುಲಗಳ ಅಂತಃಕರಣದಲ್ಲಿಯೂ ಹುದುಗಿದೆ.

ಈ ಸಂಕೋಚ ಭರತಖಂಡಕ್ಕೆ ಮಾತ್ರ ಸೇರಿದ್ದೂ ಅಲ್ಲ. ಇಥಿಯೋಪಿಯಾ ದೇಶದ ಸನಾತನ ಕ್ರೈಸ್ತ ಸಂಪ್ರದಾಯದ ಶ್ರದ್ಧಾಳುಗಳು ವರ್ಷದಲ್ಲಿ 180 ದಿನಗಳಿಗೂ ಹೆಚ್ಚು ಕಾಲ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ತ್ಯಜಿಸಿ, ಕಿರುಧಾನ್ಯದ ದೋಸೆ, ಕಾಳಿನ ಗೊಜ್ಜುಗಳಲ್ಲಿ ಉಪವಾಸವನ್ನು ನಡೆಸುತ್ತಾರೆ. ಸಮುದ್ರಗಳಾಚೆಯ ಆ ಎಲೆಯೂ ಡೊಂಬಿವಲಿಯ ಈ ಎಲೆಯೂ ಒಂದನ್ನೊಂದು ಅರಿಯದೆಯೇ ಹೋಲುತ್ತವೆ.

ಚಾತುರ್ಮಾಸ್ಯದ ನಾಲ್ಕು ಪಾಠಗಳು

ಆಷಾಢ ಶುಕ್ಲ ಏಕಾದಶಿಯಂದು ಶ್ರೀಹರಿ ಯೋಗನಿದ್ರೆಗೆ ತೊಡಗಿ, ಕಾರ್ತಿಕ ಶುಕ್ಲಪಕ್ಷದಲ್ಲಿ ಏಳುತ್ತಾನೆಂಬುದು ಪುರಾಣೋಕ್ತಿ. ಆ ನಾಲ್ಕು ತಿಂಗಳು ನಾಲ್ಕು ವ್ರತ. ಮೊದಲನೆಯದು ಶಾಕವ್ರತ, ಎರಡನೆಯದು ಮೊಸರನ್ನು ಬಿಡುವ ದಧಿವ್ರತ, ಮೂರನೆಯದು ಹಾಲನ್ನು ಬಿಡುವ ಕ್ಷೀರವ್ರತ, ನಾಲ್ಕನೆಯದು ಎರಡು ಹೋಳಾಗುವ ಬೇಳೆಕಾಳುಗಳನ್ನು ಬಿಡುವ ದ್ವಿದಳವ್ರತ. ಸಂಪ್ರದಾಯಭೇದದಿಂದ ಒಂದೆರಡು ದಿನ ಹಿಂದುಮುಂದಾದರೂ, ವಿಜಯದಶಮಿಯ ಮರುದಿನದ ಏಕಾದಶಿಯ ಹೊತ್ತಿಗೆ ಕ್ಷೀರವ್ರತ ಮುಗಿದು ದ್ವಿದಳವ್ರತ ಕಾಲಿಡುತ್ತದೆ. ದಸರೆಯ ಸಂಭ್ರಮವು ಹೀಗೆ ಎರಡು ವ್ರತಗಳ ಸಂಧಿಕಾಲದಲ್ಲಿ ನಿಂತಿದೆ.

ಈ ವ್ರತಗಳ ರಚನೆಯನ್ನು ಸಾವಧಾನವಾಗಿ ಅವಲೋಕಿಸಬೇಕು. ಶಾಕವ್ರತದಲ್ಲಿ ಸೊಪ್ಪು, ತರಕಾರಿಗಳ ಜೊತೆಗೆ ಹುಣಸೆ, ಮೆಣಸಿನಕಾಯಿಗಳನ್ನೂ ದೂರವಿಡುವ ಮನೆಗಳಲ್ಲಿ ಹೆಸರುಬೇಳೆ, ಕರಿಮೆಣಸು, ಜೀರಿಗೆ, ಒಣಮಾವಿನ ಹುಳಿ ಇಷ್ಟರಲ್ಲಿಯೇ ಅಡುಗೆ. ಆಗ ಹಾಲು ಮೊಸರುಗಳಿಗೆ ತಡೆಯಿಲ್ಲ. ಕ್ಷೀರವ್ರತದಲ್ಲಿ ಹಾಲು ಬಿಟ್ಟರೂ ಮೊಸರು, ತುಪ್ಪಗಳಿಗೆ ಅಡ್ಡಿಯಿಲ್ಲ; ಆಗ ತರಕಾರಿ ಸಮೃದ್ಧ. ದ್ವಿದಳವ್ರತದಲ್ಲಿ ತೊಗರಿಯೂ ಇಲ್ಲ, ಕಡಲೆಯೂ ಇಲ್ಲ. ಸಾರು ಬೇಳೆಯಿಲ್ಲದೆ ತಿಳಿಯಾಗಿ ಕುದಿಯುತ್ತದೆ. ಒಂದೊಂದು ತಿಂಗಳು ಒಂದೊಂದು ವಸ್ತುವಿನ ಸರದಿ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಾಲು ಕೆಟ್ಟದ್ದೆಂದು ಋಷಿಗಳು ಹಾಲನ್ನು ಬಿಡಿಸಲಿಲ್ಲ. ಕೆಟ್ಟದ್ದಾಗಿದ್ದರೆ ಮುಂದಿನ ತಿಂಗಳು ಅದನ್ನು ಮರಳಿ ಬಡಿಸುತ್ತಿರಲಿಲ್ಲ. ತರಕಾರಿ ಅಪವಿತ್ರವೆಂದು ಶಾಕವನ್ನು ನಿಷೇಧಿಸಲಿಲ್ಲ. ಅದು ಶಾಕಂಭರಿಯ ಶರೀರವೇ. ಒಳ್ಳೆಯದೆಂದು ತಿಳಿದದ್ದನ್ನೇ, ನಿತ್ಯವೂ ಬೇಕೆನಿಸುವುದನ್ನೇ ಕೆಲಕಾಲ ಬಿಟ್ಟು ಭಗವಂತನಿಗೆ ಒಪ್ಪಿಸುವುದು ವ್ರತ. ಕೆಟ್ಟದ್ದನ್ನು ಬಿಡುವುದು ವಿವೇಕವಾಯಿತು. ಪ್ರಿಯವಾದುದನ್ನು ಬಿಡುವುದು ಅರ್ಪಣೆಯಾಯಿತು. ತಾಯಿ ಬಡಿಸಿದ ತುತ್ತನ್ನು ಮಗು ತಿನ್ನದೆ ತಾಯಿಯ ಬಾಯಿಗೇ ಇಡಹೋದರೆ ಅವಳಿಗೆ ಎಂಥ ಹಿಗ್ಗಾಗುವುದೋ ಅಂಥ ಹಿಗ್ಗಿಗಾಗಿ ಮಾಡುವ ತ್ಯಾಗವಿದು. ಶಾಕವು ಪ್ರಸಾದವಾದುದರಿಂದಲೇ ಶಾಕತ್ಯಾಗಕ್ಕೆ ಬೆಲೆ ಬಂದಿತು. ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಇದರ ಹಿಂದೆ ಜೀವದಯೆಯ ಎಳೆಯೂ ಉಂಟು. ಮಳೆಗಾಲದ ಸೊಪ್ಪಿನಲ್ಲಿ ಹುಳುಹುಪ್ಪಟೆಗಳು ಹೆಚ್ಚು. ಆ ಕಾಲದಲ್ಲಿ ಸೊಪ್ಪನ್ನು ಬಿಟ್ಟರೆ ಆ ಕಿರುಜೀವಿಗಳಿಗೂ ರಕ್ಷೆ, ಉಣ್ಣುವವರಿಗೂ ಕ್ಷೇಮವೆಂದು ಹಿರಿಯರು ಹೇಳುವುದುಂಟು. ಸಂನ್ಯಾಸಿಗಳೂ ಜೈನಮುನಿಗಳೂ ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ನಿಲ್ಲುವುದು, ಹಾದಿಯಲ್ಲಿ ಹುಟ್ಟುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಕಾಲ್ತುಳಿತಕ್ಕೆ ಸಿಕ್ಕಬಾರದೆಂಬ ಕರುಣೆಯಿಂದ. ಅರ್ಪಣೆ ಮತ್ತು ಕರುಣೆ ಎಂಬ ಎರಡು ದಾರಗಳಿಂದ ಚಾತುರ್ಮಾಸ್ಯದ ಬಟ್ಟೆ ನೇಯಲ್ಪಟ್ಟಿದೆ.

ಪಟ್ಟಿ ಬದಲಾಗುತ್ತದೆ, ತತ್ತ್ವ ಬದಲಾಗದು

ನಗರಜೀವನದಲ್ಲಿ ಈ ಬಟ್ಟೆಯ ದಾರ ಸಡಿಲವಾಗುತ್ತಿರುವುದನ್ನು ಮರೆಮಾಚಿ ಪ್ರಯೋಜನವಿಲ್ಲ. ಏಕಾದಶಿಯಂದು ಸ್ಟೇಷನ್ನಿನ ಬಳಿಯ ಹೋಟೆಲಿನ ಹಲಗೆಯ ಮೇಲೆ ಉಪವಾಸದ ತಿಂಡಿಗಳ ಪಟ್ಟಿ ಮೂಡುತ್ತದೆ: ಸಾಬುದಾಣೆ ವಡೆ, ಸಾಬುದಾಣೆ ಖಿಚಡಿ, ಬಟಾಟೆ ಚಿವಡಾ, ರಾಜಗಿರಿಯ ಪೂರಿ, ಶೇಂಗಾ ಚಿಕ್ಕಿ. ನಿತ್ಯ ಎರಡು ಚಪಾತಿ ತಿನ್ನುವವರು ಅಂದು ಎಣ್ಣೆಯಲ್ಲಿ ಕರಿದ ನಾಲ್ಕು ವಡೆಗಳನ್ನು ತಿಂದು ತೃಪ್ತರಾಗುತ್ತಾರೆ. ಇದನ್ನು ಕಂಡೇ ಮರಾಠಿಯ ಹಿರಿಯರು ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಗಾದೆ ಕಟ್ಟಿದರು. ಉಪವಾಸದ ದಿನ ಇಮ್ಮಡಿ ತಿಂದರೆಂಬುದು ಅದರ ಅರ್ಥ. ಪುರಂದರದಾಸರು ಉದರವೈರಾಗ್ಯವೆಂದು ನಗೆಯಾಡಿದ್ದು ಇಂಥ ವೇಷವನ್ನೇ.

ಈ ಪಟ್ಟಿಯ ಚರಿತ್ರೆಯೂ ಕುತೂಹಲಕರ. ಬಟಾಟೆ, ಶೇಂಗಾ, ರಾಜಗಿರಿ, ಮೆಣಸಿನಕಾಯಿ ಎಲ್ಲವೂ ಅಮೆರಿಕ ಖಂಡಗಳ ಬೆಳೆಗಳು. ಹಡಗುಗಳ ಮೂಲಕ ಲೋಕವನ್ನು ಸುತ್ತಿದವು. ಭಾರತದ ಸಾಬುದಾಣೆ ತಯಾರಾಗುವುದು ಮರಗೆಣಸಿನ ಹಿಟ್ಟಿನಿಂದ. ಆ ಗೆಣಸೂ ದಕ್ಷಿಣ ಅಮೆರಿಕದ್ದೇ. ವಸಾಯಿಯು 1534ರಲ್ಲಿ ಪೋರ್ತುಗೀಜರ ವಶವಾಯಿತು. ಅದಕ್ಕೂ ಹಿಂದಿನ ಕಾಲದ ಕೊಂಕಣದ ವ್ರತಸ್ಥನು ಇವುಗಳಲ್ಲಿ ಒಂದನ್ನೂ ಕಂಡಿರಲಾರ. ವರಿ ಅಥವಾ ಭಗರ್ ಎಂದು ಇಲ್ಲಿನವರು ಕರೆಯುವ ಕಿರುಧಾನ್ಯದಂಥವು ಮಾತ್ರ ಈ ನೆಲದ ಹಳೆಯ ಬೆಳೆಗಳು. ಸಂಯುಕ್ತ ರಾಷ್ಟ್ರಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಆಚರಿಸುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಹಳ್ಳಿಯ ಅಜ್ಜಿಯರು ಅದನ್ನು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿದ್ದರು.

ಹಾಗೆಂದು ಬಟಾಟೆ ತಿಂದವರ ವ್ರತ ಕೆಟ್ಟಿತೆಂದಲ್ಲ. ವಸ್ತುಗಳ ಪಟ್ಟಿ ಕಾಲದಿಂದ ಕಾಲಕ್ಕೆ ಬದಲಾಗಿದೆ, ಇನ್ನೂ ಬದಲಾದೀತು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಸಾತ್ವಿಕ, ರಾಜಸ, ತಾಮಸ ಎಂದು ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಒಂದು ಧಾನ್ಯದ, ಒಂದು ಕಾಯಿಯ ಹೆಸರನ್ನೂ ಎತ್ತುವುದಿಲ್ಲ. ಅದರ ಗುಣವನ್ನೂ, ಉಂಡವನ ಆಯುಸ್ಸು, ಬಲ, ಪ್ರಸನ್ನತೆಗಳ ಮೇಲೆ ಅದರ ಪರಿಣಾಮವನ್ನೂ ಮಾತ್ರ ಹೇಳುತ್ತಾನೆ. ಎರಡನೆಯ ಅಧ್ಯಾಯದಲ್ಲಂತೂ ಇನ್ನೂ ಸೂಕ್ಷ್ಮವಾದ ಎಚ್ಚರಿಕೆಯಿದೆ: ಉಣ್ಣದವನಿಂದ ವಿಷಯಗಳು ದೂರ ಸರಿಯುತ್ತವೆ, ಅವುಗಳ ರುಚಿ ಮಾತ್ರ ಒಳಗೇ ಉಳಿಯುತ್ತದೆ, ಪರತತ್ತ್ವವನ್ನು ಕಂಡಾಗ ಆ ರುಚಿಯೂ ಅಳಿಯುತ್ತದೆ. ನಾಳಿನ ಪಾರಣೆಯ ಭಕ್ಷ್ಯಗಳನ್ನೇ ಧ್ಯಾನಿಸುತ್ತ ಕಳೆದ ಏಕಾದಶಿಯಲ್ಲಿ ಹೊಟ್ಟೆ ಉಪವಾಸ, ನಾಲಗೆ ಸಂತರ್ಪಣೆ. ಉಪವಾಸವೆಂದರೆ ಸಮೀಪದಲ್ಲಿ ವಾಸ. ಯಾರ ಸಮೀಪದಲ್ಲಿ ಎಂಬುದನ್ನು ಮರೆತರೆ ಉಳಿಯುವುದು ತಿಂಡಿಯ ಪಟ್ಟಿಯೊಂದೇ.

ಅಜ್ಜಿಯ ಕ್ಷೀರವ್ರತ, ಮೊಮ್ಮಗಳ ನಿಯಮ

ಈಗ ಇನ್ನೊಂದು ಪಟ್ಟಿ ಮಹಾನಗರದ ಮನೆಗಳನ್ನು ಪ್ರವೇಶಿಸಿದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಆತನ ಸಂಗಡಿಗರು ಮಾಂಸವನ್ನಷ್ಟೇ ಅಲ್ಲದೆ ಹಾಲು, ಮೊಟ್ಟೆಗಳನ್ನೂ ಬಿಟ್ಟವರಿಗಾಗಿ ‘ವೀಗನ್’ ಎಂಬ ಶಬ್ದವನ್ನು ರೂಢಿಸಿ, ಒಂದು ಸಂಘವನ್ನು ಸ್ಥಾಪಿಸಿದರು. ಎಂಬತ್ತು ವರ್ಷಗಳ ಮೇಲೆ ಆ ಶಬ್ದ ನೆರೂಳ, ಖಾರಘರಗಳ ಕನ್ನಡ ಮನೆಗಳಲ್ಲಿಯೂ ಕೇಳಬರುತ್ತಿದೆ. ಕಾಲೇಜಿಗೆ ಹೋಗುವ ಮಗಳು ಹಾಲು, ಮೊಸರು, ತುಪ್ಪ ಬೇಡವೆಂದು ಘೋಷಿಸುತ್ತಾಳೆ. ದೇವರ ಪಂಚಾಮೃತಕ್ಕೂ ಕೈಯೊಡ್ಡುವುದಿಲ್ಲ. ತಾಯಿ ಕಂಗೆಡುತ್ತಾಳೆ; ತಂದೆ ಇದು ಪರದೇಶದ ಚಾಳಿಯೆಂದು ಗದರುತ್ತಾನೆ; ಹಬ್ಬದ ದಿನವೇ ಊಟದ ಎಲೆಯ ಮುಂದೆ ಕಲಹ ಹುಟ್ಟುತ್ತದೆ.

ಇಂಥ ಮನೆಯಲ್ಲಿ ಸಂಧಾನ ಮಾಡಬಲ್ಲವಳು ಅಜ್ಜಿ. “ಅಜ್ಜಿ, ನಾನು ಹಾಲು ಬಿಟ್ಟೀನಿ” ಎಂದು ಮೊಮ್ಮಗಳು ಅಳುಕುತ್ತ ಹೇಳಿದರೆ, “ಅದಕ್ಕ್ಯಾಕೆ ಅಳ್ತೀಯವ್ವಾ? ಈ ತಿಂಗಳು ನಾನೂ ಬಿಟ್ಟೀನಲ್ಲ. ಕೂಡಿಯೇ ಉಣ್ಣೋಣು ಬಾ” ಎಂದು ಅಜ್ಜಿ ಪಕ್ಕದಲ್ಲಿ ಕೂಡಿಸಿಕೊಂಡರೆ ಅರ್ಧ ವಿವಾದ ಅಲ್ಲಿಗೇ ಮುಗಿಯುತ್ತದೆ. ಕರಾವಳಿಯ ಮನೆಗೂ ಧಾರವಾಡದ ಮನೆಗೂ ನುಡಿ ಬೇರೆಯಾದೀತು, ಅಂತಃಕರಣ ಒಂದೇ.

ಆದರೆ ಈ ಎರಡು ನಿಯಮಗಳೂ ಒಂದೇ ಎಂದು ಹೇಳಿ ಸುಲಭದಲ್ಲಿ ಕೈ ತೊಳೆದುಕೊಳ್ಳಲಾಗದು. ಅಜ್ಜಿ ಬಿಟ್ಟದ್ದು ಹರಿಪ್ರೀತ್ಯರ್ಥ, ಒಂದು ತಿಂಗಳ ಮಟ್ಟಿಗೆ; ಮೊಮ್ಮಗಳು ಬಿಟ್ಟದ್ದು ಪಶುವಿನ ಸಂಕಟವನ್ನು ನೆನೆದು, ಜೀವನಪರ್ಯಂತ. ಅಜ್ಜಿಯ ಕೊಟ್ಟಿಗೆಯ ಹಸುವಿಗೆ ಹೆಸರಿತ್ತು. ಕರು ಕುಡಿದು ಉಳಿದದ್ದು ಮನೆಗೆ ಎಂಬ ನ್ಯಾಯವಿತ್ತು. ಪ್ಲಾಸ್ಟಿಕ್ ಚೀಲದ ಹಾಲು ಕುಡಿದು ಬೆಳೆದ ಮೊಮ್ಮಗಳು ಆ ಹಸುವನ್ನು ಕಂಡವಳಲ್ಲ. ಅವಳು ಕಂಡಿರುವುದು ನಗರದಂಚಿನ ತಬೇಲಗಳಲ್ಲಿ ಸಾಲಾಗಿ ಕಟ್ಟಿಹಾಕಿದ ಎಮ್ಮೆಗಳನ್ನು. ಹಾಲು ಕೊಡದ ಗಂಡುಕರುವಿನ ಗತಿ ಏನು ಎಂದು ಆ ಹುಡುಗಿ ಕೇಳಿದರೆ ಆಕೆಯ ಬಾಯಿ ಮುಚ್ಚಿಸುವುದು ಧರ್ಮವಲ್ಲ. ಗೋವನ್ನು ತಾಯಿಯೆಂದು ಕರೆದ ಪರಂಪರೆಯೇ ಆ ಪ್ರಶ್ನೆಯನ್ನು ಮೊದಲು ಕೇಳಬೇಕಾಗಿತ್ತು.

ಮೊಮ್ಮಗಳಿಗೂ ಅಜ್ಜಿಯಿಂದ ಕಲಿಯಬೇಕಾದುದಿದೆ. ವ್ರತಕ್ಕೆ ಆದಿಯಿದೆ, ಅಂತ್ಯವಿದೆ, ಸಂಕಲ್ಪವಿದೆ, ಸಮರ್ಪಣೆಯಿದೆ. ಆದಕಾರಣ ಅದು ಅಹಂಕಾರವಾಗಿ ಬೆಳೆಯಲು ಎಡೆ ಕಡಿಮೆ. ನಾನು ಶುದ್ಧ, ಇತರರು ಕ್ರೂರಿಗಳು ಎಂಬ ಭಾವ ಎಲೆಯ ಮೂಲೆಯಲ್ಲಿ ಒಂದಿಷ್ಟು ಬಿದ್ದರೂ ಸಾಕು, ಹಸಿರೂಟವೆಲ್ಲ ವಿಷವಾದೀತು. ಪಂಚಾಮೃತದ ವಿಷಯದಲ್ಲಿಯೂ ಜಗಳಕ್ಕೆ ಕಾರಣವಿಲ್ಲ. ಎಲೆ, ಹೂವು, ಹಣ್ಣು, ನೀರು, ಇವುಗಳಲ್ಲಿ ಯಾವುದನ್ನೇ ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುವೆನೆಂದು ಗೀತಾಚಾರ್ಯನೇ ಒಂಬತ್ತನೆಯ ಅಧ್ಯಾಯದಲ್ಲಿ ಮಾತು ಕೊಟ್ಟಿದ್ದಾನೆ. ಅಜ್ಜಿ ಕ್ಷೀರಾಭಿಷೇಕ ಮಾಡಲಿ. ಮೊಮ್ಮಗಳು ತುಳಸಿಯ ದಳವನ್ನೂ ಶುದ್ಧೋದಕವನ್ನೂ ಅರ್ಪಿಸಲಿ. ಎರಡನ್ನೂ ಒಂದೇ ಶಿರಸ್ಸಿನಲ್ಲಿ ಧರಿಸುವ ದೊಡ್ಡತನ ಆತನಿಗಿದೆ.

ಹಿಟ್ಟಿನ ಕೋಳಿ

ತಟ್ಟೆ ಹಸಿರಾದ ಮಾತ್ರಕ್ಕೆ ಮನಸ್ಸು ಹಸಿರಾಗದೆಂಬುದನ್ನು ಕನ್ನಡದ ಕವಿಯೊಬ್ಬನು ಎಂಟು ಶತಮಾನಗಳ ಹಿಂದೆಯೇ ತೋರಿಸಿದ್ದಾನೆ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಯಶೋಧರನೆಂಬ ರಾಜನಿಗೆ ಒದಗಿದ ದುಃಸ್ವಪ್ನದ ಪರಿಹಾರಕ್ಕಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವವಧೆಗೆ ಅಂಜಿದ ಮಗನಿಗೂ, ಪದ್ಧತಿಗೆ ಅಂಟಿಕೊಂಡ ತಾಯಿಗೂ ನಡುವೆ ಒಂದು ಒಪ್ಪಂದವಾಗುತ್ತದೆ: ಕೋಳಿಯ ಬದಲು ಹಿಟ್ಟಿನ ಕೋಳಿ. ರಕ್ತವಿಲ್ಲ, ಮಾಂಸವಿಲ್ಲ, ಬರೀ ಧಾನ್ಯದ ಹಿಟ್ಟು. ಆದರೆ ಕತ್ತಿ ಎತ್ತಿದ ಗಳಿಗೆಯಲ್ಲಿ ರಾಜನ ಮನಸ್ಸಿನಲ್ಲಿದ್ದುದು ಕೊಲೆಯ ಸಂಕಲ್ಪವೇ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ಪ್ರಾಣಿಗಳಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಕಡೆಗೆ ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರಾಗಿ ಹುಟ್ಟಿ, ತಮ್ಮನ್ನೇ ಬಲಿಗೆ ಹಿಡಿದು ತಂದ ಮಾರಿದತ್ತನಿಗೆ ಈ ಕಥೆಯನ್ನು ಹೇಳಿ ಆತನ ಕಣ್ಣು ತೆರೆಸುತ್ತಾರೆ.

ಯಜ್ಞದಲ್ಲಿ ಪಶುವಿನ ಬದಲು ಹಿಟ್ಟಿನ ಪಶುವನ್ನು ಅರ್ಪಿಸುವ ಪಿಷ್ಟಪಶುವಿನ ಪದ್ಧತಿಯನ್ನು ಮಧ್ವಾಚಾರ್ಯರ ಪರಂಪರೆ ಎತ್ತಿಹಿಡಿಯಿತು. ಅಲ್ಲಿಯೂ ಹಿಟ್ಟು, ಇಲ್ಲಿಯೂ ಹಿಟ್ಟು. ಅಲ್ಲಿ ಹಿಟ್ಟು ಜೀವವೊಂದನ್ನು ಉಳಿಸುವ ಉಪಾಯವಾಯಿತು. ಯಶೋಧರನ ಕೈಯಲ್ಲಿ ಅದೇ ಹಿಟ್ಟು ಕೊಲ್ಲುವ ಆಸೆಗೆ ಹೊದಿಸಿದ ಮುಸುಕಾಯಿತು. ವೈದಿಕ, ಜೈನ ಎಂಬ ಮತಭೇದವಿದ್ದರೂ ಇವೆರಡರಿಂದ ಆಸ್ತಿಕನು ಕಲಿಯುವ ಪಾಠ ಒಂದೇ: ಎಲೆಯ ಮೇಲೆ ಏನಿದೆ ಎಂಬುದನ್ನು ಕಣ್ಣು ನೋಡುತ್ತದೆ, ಎದೆಯೊಳಗೆ ಏನಿದೆ ಎಂಬುದನ್ನು ಅಂತರ್ಯಾಮಿ ನೋಡುತ್ತಾನೆ. ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಊಟ ಮಾಡಿ, ಅದನ್ನು ಬಡಿಸಿದ ಸೊಸೆಯ ಮನಸ್ಸನ್ನು ನೋಯಿಸುವವರು ಹಿಟ್ಟಿನ ಕೋಳಿಯನ್ನು ಕೊಂದವರ ಸಾಲಿಗೇ ಸೇರುತ್ತಾರೆ. ಕರುಣೆಯಿಲ್ಲದ ಆಚಾರವನ್ನು ಬಸವಣ್ಣನವರೂ ಧರ್ಮವೆಂದು ಒಪ್ಪಲಿಲ್ಲ.

ಛಾಂದೋಗ್ಯ ಉಪನಿಷತ್ತು ಆಹಾರದ ಶುದ್ಧಿಯಿಂದ ಅಂತಃಕರಣದ ಶುದ್ಧಿಯೆಂದು ಬೋಧಿಸುತ್ತದೆ. ಅಲ್ಲಿ ಆಹಾರವೆಂದರೆ ಇಂದ್ರಿಯಗಳು ಒಳಗೆ ತೆಗೆದುಕೊಳ್ಳುವ ಶಬ್ದಾದಿ ವಿಷಯಗಳೆಂದು ಶಂಕರರು ವ್ಯಾಖ್ಯಾನಿಸಿದರು. ಉಣ್ಣುವ ಅನ್ನವೆಂದೇ ರಾಮಾನುಜರ ಸಂಪ್ರದಾಯ ತಿಳಿಯಿತು. ಎರಡನ್ನೂ ಕೂಡಿಸಿಕೊಂಡು ನಡೆಯುವುದು ಗೃಹಸ್ಥನಿಗೆ ಶ್ರೇಯಸ್ಕರ. ಬಾಯಿಗೆ ಹಾಕುವುದನ್ನು ಸೋಸಿದಂತೆ ಕಿವಿಗೆ, ಕಣ್ಣಿಗೆ ಹಾಕುವುದನ್ನೂ ಸೋಸಬೇಕು. ವ್ರತದ ದಿನ ಪರನಿಂದೆಯೂ ನಿಷಿದ್ಧಪದಾರ್ಥವೇ.

ನಾಲ್ವತ್ತೆಂಟು ದಿನಗಳ ಉಪವಾಸ

ಉಪವಾಸದ ಪರಾಕಾಷ್ಠೆಯನ್ನು ಭಾಗವತದ ನವಮಸ್ಕಂಧದಲ್ಲಿ ಬರುವ ರಂತಿದೇವನ ಚರಿತ್ರೆಯಲ್ಲಿ ಕಾಣಬಹುದು. ಇದ್ದುದೆಲ್ಲವನ್ನೂ ದಾನಮಾಡಿ ಬಡವನಾದ ಆ ರಾಜ ಕುಟುಂಬಸಮೇತನಾಗಿ ನಾಲ್ವತ್ತೆಂಟು ದಿನ ನೀರೂ ಇಲ್ಲದೆ ಕಳೆದನು. ನಾಲ್ವತ್ತೊಂಬತ್ತನೆಯ ಬೆಳಗಿನಲ್ಲಿ ದೈವವಶದಿಂದ ಒಂದಿಷ್ಟು ಪಾಯಸಾನ್ನವೂ ನೀರೂ ದೊರೆತವು. ಉಣಬೇಕೆನ್ನುವಷ್ಟರಲ್ಲಿ ಬ್ರಾಹ್ಮಣನೊಬ್ಬ ಅತಿಥಿಯಾಗಿ ಬಂದ, ಅವನಿಗೆ ಬಡಿಸಿದ. ಬಳಿಕ ಶೂದ್ರನೊಬ್ಬ ಬಂದ. ಅವನಿಗೂ ಪಾಲು ಕೊಟ್ಟ. ಹಸಿದ ನಾಯಿಗಳೊಡನೆ ಮತ್ತೊಬ್ಬ ಬಂದ. ಉಳಿದುದೆಲ್ಲವನ್ನೂ ಅವನಿಗೂ ನಾಯಿಗಳಿಗೂ ಇಟ್ಟು ಕೈಮುಗಿದ. ಕಡೆಗೆ ಉಳಿದದ್ದು ಒಬ್ಬನಿಗೆ ಸಾಲುವಷ್ಟು ನೀರು. ಸಮಾಜವು ದೂರವಿಟ್ಟ ಕುಲದವನೊಬ್ಬ ಬಾಯಾರಿ ಬಂದಾಗ ಆ ನೀರನ್ನೂ ಕೊಟ್ಟ. ತನಗೆ ಅಷ್ಟಸಿದ್ಧಿಯೂ ಬೇಡ, ಮುಕ್ತಿಯೂ ಬೇಡ. ಸಕಲ ಜೀವಿಗಳ ದುಃಖವನ್ನು ತಾನೇ ಅನುಭವಿಸಿ ಅವರನ್ನು ದುಃಖರಹಿತರನ್ನಾಗಿ ಮಾಡುವಂತಾಗಲಿ ಎಂಬುದು ಆತನ ಪ್ರಾರ್ಥನೆ.

ರಂತಿದೇವನಿಗೆ ದೊರೆತ ಆಹಾರದಲ್ಲಿ ಹಾಲಿತ್ತೇ ಎಂದು ಯಾರೂ ಕೇಳುವುದಿಲ್ಲ. ಆತನ ಹಸಿವು ಇತರರ ಹಸಿವನ್ನು ಅರಿಯುವ ಕಣ್ಣಾಯಿತು ಎಂಬುದೇ ಆ ಕಥೆಯ ಸಾರ. ಬರೀ ಹೊಟ್ಟೆ ಕಾಯಿಸಿಕೊಂಡರೆ ಲಂಘನ. ಆ ಹಸಿವಿನಲ್ಲಿ ಭಗವಂತನಿಗೂ ಆತನ ಸೃಷ್ಟಿಯ ಜೀವಿಗಳಿಗೂ ಸ್ಥಳ ದೊರೆತರೆ ಉಪವಾಸ. ವ್ರತಸ್ಥನ ಅರ್ಪಣೆ, ಸಸ್ಯಾಹಾರಿಯ ಕರುಣೆ, ಲಿಂಗಾಯತರ ದಾಸೋಹ ಇವು ಮೂರೂ ಕೂಡುವ ಸಂಗಮ ಇದುವೇ.

ಗೃಹಸ್ಥರ ಆಚರಣೆಗೆ

ಮಹಾನಗರದ ಗೃಹಸ್ಥನಿಗೆ ರಂತಿದೇವನ ಎತ್ತರ ಎಟುಕದಿರಬಹುದು. ಕೆಲವು ಸುಲಭವಾದ ನಿಯಮಗಳಾದರೂ ಅಸಾಧ್ಯವಲ್ಲ.

ಮೊದಲನೆಯದಾಗಿ, ಶಕ್ತಿಯನ್ನು ಮೀರಿದ ವ್ರತ ಶಾಸ್ತ್ರಸಮ್ಮತವಲ್ಲ. ಏಕಾದಶಿಯ ಕಡ್ಡಾಯ ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಎಂದು ಧರ್ಮಶಾಸ್ತ್ರವೇ ಎಲ್ಲೆ ಹಾಕಿದೆ, ರೋಗಿಗಳಿಗೆ ವಿನಾಯಿತಿಯಿದೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವಿಲ್ಲವೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಪಿಷ್ಟವೇ ತುಂಬಿದ ಸಾಬುದಾಣೆ ಪಥ್ಯವಲ್ಲ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರ ಹಿಡಿಯಬಾರದು. ಹಾಲನ್ನು ಸಂಪೂರ್ಣವಾಗಿ ಬಿಟ್ಟ ಮಕ್ಕಳಿಗೆ ಸಸ್ಯಗಳಿಂದ ದೊರೆಯದ ಬಿ 12 ಜೀವಸತ್ತ್ವವನ್ನು ಬೇರೆ ರೀತಿಯಿಂದ ಒದಗಿಸುವುದು ಹಿರಿಯರ ಕರ್ತವ್ಯ. ಭಗವಂತನು ವಾಸಿಸುವ ದೇಹವನ್ನು ಕೆಡಿಸಿ ಆತನ ಸಮೀಪಕ್ಕೆ ಹೋಗುವುದೆಂತು?

ಎರಡನೆಯದಾಗಿ, ಒಬ್ಬರ ವ್ರತ ಇನ್ನೊಬ್ಬರ ಬೆನ್ನಿಗೆ ಹೊರೆಯಾಗಬಾರದು. ಸಂಜೆಯ ಲೋಕಲಿನಲ್ಲಿ ನಿಂತೋ ಕುಳಿತೋ ಸೊಪ್ಪು ಸೋಸುತ್ತ, ಅವರೆ ಸುಲಿಯುತ್ತ ಡೊಂಬಿವಲಿ, ಕಲ್ಯಾಣಗಳಿಗೆ ಮರಳುವ ಗೃಹಿಣಿಯರನ್ನು ಯಾರು ಕಂಡಿಲ್ಲ? ಮಾವನವರಿಗೆ ಕ್ಷೀರವ್ರತದ ಅಡುಗೆ, ಅತ್ತೆಗೆ ಉಪವಾಸದ ಫಲಾಹಾರ, ಮಗಳಿಗೆ ವೀಗನ್ ಊಟ, ಗಂಡನ ಡಬ್ಬಿಗೆ ಚಪಾತಿ ಎಂದು ನಾಲ್ಕು ಒಲೆಗಳ ಮುಂದೆ ಒಬ್ಬಳೇ ಬೇಯುವುದಾದರೆ ಆ ವ್ರತಗಳ ಪುಣ್ಯವೆಲ್ಲ ಅವಳ ಖಾತೆಗೇ ಜಮೆಯಾಗತಕ್ಕದ್ದು. ಮನೆಮಂದಿಯೆಲ್ಲ ಕೂಡಿ, ಎಲ್ಲರಿಗೂ ಸಲ್ಲುವ ಒಂದೇ ಸರಳವಾದ ಅಡುಗೆಯನ್ನು ಗೊತ್ತುಮಾಡಿಕೊಂಡರೆ ಅದೇ ನಿಜವಾದ ವ್ರತ. ಹಾಲಿಲ್ಲದ ಚಿತ್ರಾನ್ನ, ತರಕಾರಿಯ ಪಲ್ಯ, ತಿಳಿಸಾರು, ಒಂದು ಬಾಳೆಹಣ್ಣು. ಅಜ್ಜಿಗೂ ಮೊಮ್ಮಗಳಿಗೂ ಸಾಕಾಗುತ್ತದೆ.

ಮೂರನೆಯದಾಗಿ, ಉಪವಾಸದಿಂದ ಉಳಿದ ಪಾಲು ಹಸಿದವರಿಗೆ ಸೇರಬೇಕು. ವಾಶಿಯ ಎಪಿಎಂಸಿ ಮಾರುಕಟ್ಟೆಗೆ ನಾಡಿನ ಮೂಲೆಮೂಲೆಗಳಿಂದ ಕಾಯಿಪಲ್ಯದ ಲಾರಿಗಳು ರಾತ್ರಿಯೆಲ್ಲ ಬರುತ್ತಿರುತ್ತವೆ. ಶಾಕಂಭರಿಯ ಭಂಡಾರಕ್ಕೆ ಕೊರತೆಯಿಲ್ಲ. ಆ ಮೂಟೆಗಳನ್ನು ತಲೆಯ ಮೇಲೆ ಹೊರುವ ಮಾಥಾಡಿ ಕಾರ್ಮಿಕನ ಎಲೆಯಲ್ಲಿ ಎಷ್ಟು ಪಲ್ಯವಿದೆ ಎಂದು ದೇವಿ ಕೇಳದಿರುವಳೆ? ಬಿಟ್ಟ ಒಂದು ಹೊತ್ತಿನ ಊಟದ ಬೆಲೆಯನ್ನು ತೆಗೆದಿಟ್ಟು, ವ್ರತ ಮುಗಿದ ದಿನ ಒಬ್ಬ ಹಸಿದವನಿಗೆ ಉಣಬಡಿಸಿದರೆ ಅದಕ್ಕಿಂತ ಉತ್ತಮವಾದ ಉದ್ಯಾಪನೆ ಬೇರೊಂದಿಲ್ಲ.

ಕೊನೆಯದಾಗಿ, ತನ್ನ ಎಲೆಯನ್ನು ನೋಡಿಕೊಂಡು ಉಣ್ಣುವವನು ನೆರೆಯವನ ಎಲೆಯನ್ನು ತೂಗಬಾರದು. ಶ್ರಾವಣದಲ್ಲಿ ಮಾತ್ರ ಮೀನು ಬಿಡುವ ಕೋಳಿ ಹೆಂಗಸಿನ ಸಂಯಮವನ್ನೂ, ಉಪ್ಪು ಮೆಣಸಿಲ್ಲದೆ ಬೇಯಿಸಿದ ಕಾಳು ತಿನ್ನುವ ಜೈನ ಗೃಹಿಣಿಯ ತಪಸ್ಸನ್ನೂ, ಹಾಲನ್ನೇ ಬಿಟ್ಟ ಹುಡುಗಿಯ ಮರುಕವನ್ನೂ ತೂಗುವ ತಕ್ಕಡಿ ಜಗನ್ಮಾತೆಯ ಕೈಯಲ್ಲಿದೆ. ಅವಳ ದೇಹದಿಂದ ಮೊಳೆತ ಚಿಗುರು ಇಂಥವರಿಗೆಂದು ಆರಿಸಿ ಬೆಳೆಯಲಿಲ್ಲ, ಲೋಕಕ್ಕೆಲ್ಲ ಅನ್ನವಾಯಿತು.

ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಈ ವಿಜಯದಶಮಿಯಂದು, ಹಸಿರು ಎಲೆಯೊಂದು ಸ್ನೇಹವಾಗಿ ಕೈಯಿಂದ ಕೈಗೆ ದಾಟುವ ಹೊತ್ತಿನಲ್ಲಿ, ಬಿಟ್ಟ ತುತ್ತೂ ಉಂಡ ತುತ್ತೂ ಶಾಕಂಭರಿಯ ಪಾದವನ್ನು ಸೇರಲಿ. ಪರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಧಾನ್ಯವೂ ದಯೆಯೂ ಎಂದೂ ಬರಿದಾಗದಿರಲಿ.

ಶ್ರೀಕೃಷ್ಣಾರ್ಪಣಮಸ್ತು.